ಬರಡು ಎಂದು ಬಣ್ಣ ಹಚ್ಚಿದ ಮೈದಾನ

ಪ್ರಕೃತಿಗೆ ಸ್ಕೇಲು ಹಿಡಿದು ಗೆರೆ ಎಳೆಯುವ ಅಭ್ಯಾಸವಿಲ್ಲ. ಹಾಗಾಗಿ ಪರದೆಯ ಮೇಲಿನ ನಕ್ಷೆಯಲ್ಲಿ, ಬಸ್ ಡಿಪೋದ ಹಿಂದೆ, ನಾಲ್ಕೂ ಮೂಲೆ ನೆಟ್ಟಗಿರುವ ಒಂದು ಕಡುನೀಲಿ ಆಯತ ಕಾಣಿಸಿದಾಗ ಭೂವಿಜ್ಞಾನಿ ತನ್ನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಕಡುನೀಲಿ ಎಂದರೆ ಅತ್ಯುತ್ತಮ ಜಾಗ. ಮಳೆನೀರನ್ನು ತಡೆದು ನಿಲ್ಲಿಸಿದರೆ ಅದು ಬಿಸಿಲಿಗೆ ಆವಿಯಾಗುವ ಮೊದಲೇ ನೆಲದೊಳಕ್ಕೆ ಇಳಿದು ಬಾವಿಗಳನ್ನು ತಲುಪಬಲ್ಲ ಜಾಗ. ಆ ಒಣ ಊರಿನಲ್ಲಿ ಅಂಥದ್ದೊಂದನ್ನು ಹುಡುಕುವುದೇ ಆ ವರ್ಷ ಅವಳ ಕಚೇರಿಯ ಮುಖ್ಯ ಕೆಲಸವಾಗಿತ್ತು. ಅಲ್ಲಿ ಮಳೆ ಬರುವುದೇ ಬೆರಳೆಣಿಕೆಯ ದಿನ. ಬಂದರೆ ಅಬ್ಬರಿಸಿಕೊಂಡು ಬಂದು, ಬೀದಿಯ ಕಸವನ್ನೆಲ್ಲ ಬಾಚಿಕೊಂಡು, ಊರಾಚೆಯ ಉಪ್ಪುನೆಲಕ್ಕೆ ಓಡಿಹೋಗಿ ಅಲ್ಲಿ ಒಣಗುತ್ತಿತ್ತು. ಊರಿನೊಳಗೆ ಮಾತ್ರ ಬಾವಿಗಳು ಬಾಯ್ದೆರೆದುಕೊಂಡೇ ಇದ್ದವು.

ನಕ್ಷೆ ಮಾಡಿದ್ದು ಐದು ಪದರಗಳನ್ನು ಕೂಡಿಸಿ. ಇಳಿಜಾರು, ಮಣ್ಣು, ಕಲ್ಲು, ನೀರು ಹರಿಯುವ ದಾರಿ, ನೆಲದ ಬಳಕೆ. ಯಾವುದು ಎಷ್ಟು ಮುಖ್ಯ ಎಂಬುದಕ್ಕೆ ಒಂದೊಂದಕ್ಕೂ ಒಂದು ತೂಕ. ತೂಕ ನಿಗದಿ ಮಾಡಿದವಳು ಅವಳೇ. ಕೊನೆಗೆ ಊರ ಸುತ್ತ ನಾಲ್ಕು ಕಡೆ ನೀಲಿ ಉಳಿಯಿತು. ಒಂದರ ಪಕ್ಕದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯ ಚರಂಡಿ ಇತ್ತು; ನೀರಿನ ಜೊತೆ ವಿಷವೂ ಇಳಿಯುತ್ತಿತ್ತು. ಇನ್ನೊಂದರ ಮೇಲೆ, ಉಪಗ್ರಹ ಚಿತ್ರ ತೆಗೆದು ಇವರ ಕೈಗೆ ಬರುವಷ್ಟರಲ್ಲಿ, ಮನೆಗಳೆದ್ದಿದ್ದವು. ಮೂರನೆಯದು ಊರಿಗಿಂತ ತಗ್ಗಿನಲ್ಲಿತ್ತು. ಅಲ್ಲಿ ಇಂಗಿದ ನೀರು ಊರ ಬಾವಿಗೆ ಬರಬೇಕಾದರೆ ಏಣಿ ಹತ್ತಿ ಬರಬೇಕು. ಉಳಿದದ್ದು ಈ ಆಯತ.

"ಇದು ಏನು ಅಂತ ಗೊತ್ತಾ ನಿಂಗೆ?" ಎಂದು ಅವಳು ನಕ್ಷೆ ಮಾಡುವವನನ್ನು ಕೇಳಿದಳು. ಅವನನ್ನು ಕಚೇರಿಯಲ್ಲಿ ಎಲ್ಲರೂ ಪಿಕ್ಸೆಲ್ ಎಂದೇ ಕರೆಯುತ್ತಿದ್ದರು. ಅವನಿಗೆ ಬೇರೊಂದು ಹೆಸರಿದೆ ಎಂದು ಕೆಲವರಿಗೆ ತಿಳಿದದ್ದು ಅವನ ಮದುವೆಯ ಕರೆಯೋಲೆ ನೋಡಿದ ಮೇಲೆ.

"ಬರಡು ಭೂಮಿ, ಮೇಡಂ. ನೆಲದ ಬಳಕೇಲಿ ಐದಕ್ಕೆ ಐದು."

"ಇದು ಮೈದಾನ ಕಣೋ."

"ಇರಬಹುದು. ಹುಲ್ಲಿಲ್ಲ, ಮರ ಇಲ್ಲ, ಕಟ್ಟಡ ಇಲ್ಲ. ಉಪಗ್ರಹಕ್ಕೆ ಇನ್ನೇನು ಕಾಣ್ಬೇಕು?"

"ನಮ್ಮಣ್ಣ ಕಾಣ್ಬೇಕಿತ್ತು."

"ಹತ್ತು ಮೀಟರಿಗಿಂತ ಚಿಕ್ಕದು ಕಾಣಲ್ಲ ಮೇಡಂ. ನಿಮ್ಮಣ್ಣ ಅಷ್ಟು ದಪ್ಪ ಇದ್ದಾರಾ?"

ಅವಳಿಗೆ ನಗು ಬಂತು, ಆದರೆ ಉಳಿಯಲಿಲ್ಲ. ಅಣ್ಣ ಕಡ್ಡಿಯ ಹಾಗಿದ್ದ. ಊರಿಗೆ ಅವನು ಓಟದ ಮೇಷ್ಟ್ರು. ಶಾಲೆ ಮುಗಿದ ಹೆಣ್ಣುಮಕ್ಕಳಿಗೆ ಆ ಮೈದಾನದಲ್ಲಿ ನೂರು ಮೀಟರ್ ಓಟ ಕಲಿಸುತ್ತಿದ್ದ. ಮೈದಾನ ಚಿಕ್ಕದು, ಯಾವ ಬದಿಯಲ್ಲಿ ಎಳೆದರೂ ನೂರು ಮೀಟರ್ ಆಗುತ್ತಿರಲಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದರೆ ಮಾತ್ರ, ಕೊನೆಯಲ್ಲಿ ನಿಲ್ಲಲು ನಾಲ್ಕು ಹೆಜ್ಜೆ ಜಾಗವೂ ಸೇರಿ, ಸರಿಯಾಗಿ ಹಿಡಿಸುತ್ತಿತ್ತು. ಹುಡುಗಿಯರು ಅದನ್ನು ಮೂಲೆಗೆರೆ ಎನ್ನುತ್ತಿದ್ದರು. ಇಡೀ ಊರಿನಲ್ಲಿ ನೂರು ಮೀಟರ್ ಓಡುವಷ್ಟರಲ್ಲಿ ಗೋಡೆಯೋ ಗಾಲಿಯೋ ಎದುರಾಗದ ಜಾಗ ಅದೊಂದೇ.

"ಬೇಕಿದ್ರೆ ನೆಲದ ಬಳಕೆಯ ತೂಕ ಒಂಚೂರು ಇಳಿಸ್ತೀನಿ," ಎಂದ ಪಿಕ್ಸೆಲ್, ಪರದೆಯಿಂದ ಕಣ್ಣು ತೆಗೆಯದೆ. "ನೀಲಿ ಹೋಗಿ ಹಸಿರಾಗುತ್ತೆ, ಅಂದ್ರೆ ಸಾಧಾರಣ ಜಾಗ. ಯಾರೂ ಕೇಳಲ್ಲ."

"ಉತ್ತರ ನೋಡ್ಕೊಂಡು ತೂಕ ಬದಲಾಯಿಸೋದು ತಕ್ಕಡಿ ಮೇಲೆ ಹೆಬ್ಬೆರಳು ಇಟ್ಟ ಹಾಗೆ. ಬಿಡು."

ಪಿಕ್ಸೆಲ್ ಬಿಟ್ಟ. ಮೈದಾನ ಎಂಬ ವರ್ಗವೇ ಅವರ ಪಟ್ಟಿಯಲ್ಲಿರಲಿಲ್ಲ: ಕಟ್ಟಡ, ಬೆಳೆ, ಪೊದೆ, ನೀರು, ಬರಡು. ಅಷ್ಟೆ.

ಮಧ್ಯಾಹ್ನ ಅವಳು ಹಿರಿಯ ಎಂಜಿನಿಯರರ ಕೋಣೆಗೆ ಹೋಗಿ, ಈ ಜಾಗದ ಪರೀಕ್ಷೆಯನ್ನು ಬೇರೆ ಯಾರಿಗಾದರೂ ವಹಿಸಿ, ಅಲ್ಲಿ ನಮ್ಮಣ್ಣ ಇದ್ದಾನೆ ಎಂದಳು. ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು.

"ಈ ಊರಲ್ಲಿ ಅಣ್ಣ ಅಲ್ದಿದ್ರೆ ಮಾವ, ಮಾವ ಅಲ್ದಿದ್ರೆ ಮನೆ ಮಾಲೀಕ. ಯಾರನ್ನ ಕಳಿಸ್ಲಿ ಹೇಳಿ? ಅಳೆಯೋದು ನೆಲಕ್ಕೆ ಬಡಿಯೋ ಆ ಉಕ್ಕಿನ ರಿಂಗು, ನೀವಲ್ಲ. ನೀರು ಇಳಿದ್ರೆ ಇಳೀತು ಅಂತ ಬರೀರಿ, ಇಳೀದಿದ್ರೆ ಇಲ್ಲ ಅಂತ. ಇಳಿದ್ರೆ ಮಳೆಗಾಲಕ್ಕೆ ಮುಂಚೆ ಅಗೀತೀವಿ. ಇಲ್ಲ ಅಂದ್ರೆ ಯಂತ್ರಗಳು ಪಕ್ಕದ ಊರಿಗೆ ಹೋಗ್ತವೆ. ಮತ್ತೆ ನಮ್ಮ ಸರದಿ ಯಾವಾಗ ಅಂತ ನಂಗೂ ಗೊತ್ತಿಲ್ಲ."

ಆ ಸಂಜೆ ಮನೆಯಲ್ಲಿ ಅಮ್ಮ ಸೊಪ್ಪು ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು ಬದಿಗಿಟ್ಟಿದ್ದಳು. ಅದರಲ್ಲಿ ಪಾತ್ರೆಯ ಮೊದಲ ಸುತ್ತು, ಪಾತ್ರೆ ತೊಳೆದದ್ದರಲ್ಲಿ ಹಿತ್ತಿಲ ಕಲ್ಲು. ಅವಳ ಮನೆಯಲ್ಲಿ ನೀರಿಗೆ ಮೂರು ಜನ್ಮ. ಹಿತ್ತಿಲ ಬಾವಿಗೆ ತಗಡು ಮುಚ್ಚಿ ಎರಡು ವರ್ಷವಾಗಿತ್ತು. ಅದರ ಮೇಲೀಗ ಪಾತ್ರೆ ಒಣಗುತ್ತಿದ್ದವು.

ಊಟಕ್ಕೆ ಕೂತಾಗ ಅವಳು ಹೇಳಿದಳು. "ಅಣ್ಣ, ನಾಡಿದ್ದು ನಿನ್ನ ಮೈದಾನದಲ್ಲಿ ಒಂದು ಅಳತೆ ಇದೆ."

"ಎಷ್ಟು ಸಲ ಅಳೆದ್ರೂ ಅದು ನೂರೇ ಮೀಟರು."

"ಉದ್ದ ಅಲ್ಲ. ನೀರು ಎಷ್ಟು ಬೇಗ ಇಳಿಯುತ್ತೆ ಅಂತ."

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಇಳಿದ್ರೆ?"

"ಇಂಗುಕೊಳ ತೋಡ್ತಾರೆ."

"ಎಲ್ಲಿ, ಒಂದು ಮೂಲೇಲಾ?"

"ನಕ್ಷೆಯಲ್ಲಿ ಇಡೀ ಮೈದಾನ ನೀಲಿ ಇದೆ."

ಅವನು ತಟ್ಟೆ ಬದಿಗೆ ಸರಿಸಿದ. "ನಿಮ್ಮ ಕಾಗದದಲ್ಲಿ ನನ್ನ ಮೈದಾನಕ್ಕೆ ಏನಂತ ಬರೆದಿದ್ದೀರ?"

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಅವಳಿಗೆ. "ಬರಡು ಭೂಮಿ ಅಂತ."

ಅಮ್ಮ ನಕ್ಕುಬಿಟ್ಟಳು. "ಸರಿಯಾಗೇ ಇದೆ. ಇಷ್ಟು ವರ್ಷ ಇವನು ಅಲ್ಲಿ ಬಿತ್ತಿದ್ದೆಲ್ಲ ಓಡಿಹೋಯ್ತಲ್ಲ."

"ಅಮ್ಮ, ನೀನು ಯಾರ ಕಡೆ ಅಂತ ಮೊದಲು ಹೇಳಿಬಿಡು."

"ಬಾವಿ ಕಡೆ. ಆದ್ರೆ ಮೈದಾನ ಹೋದ್ರೆ ನೀನು ಬೆಳಗಿಂದ ಸಂಜೆವರೆಗೂ ಮನೇಲೇ ಇರ್ತೀಯ. ಅದನ್ನ ನೆನೆಸ್ಕೊಂಡ್ರೆ ಮೈದಾನದ ಕಡೆ."

ಅವನು ನಗಲಿಲ್ಲ. ಕೈ ತೊಳೆಯಲು ಎದ್ದವನು ಚೊಂಬು ಬಗ್ಗಿಸಿಕೊಂಡೇ ಕೇಳಿದ. "ಅವರೆಲ್ಲ ಎಲ್ಲಿ ಓಡಬೇಕು ಪುಟ್ಟಿ? ಬಸ್ಸಿನ ಮುಂದೆ ಬಿಡ್ಲಾ?"

ಪುಟ್ಟಿ ತಟ್ಟೆ ಎತ್ತಿಕೊಂಡಳು. ಅವನು ಕೈ ತೊಳೆದ ನೀರೂ ಬೋಗುಣಿಗೇ ಬಿತ್ತು.

ಪರೀಕ್ಷೆಯ ಬೆಳಿಗ್ಗೆ ಹುಡುಗಿಯರು ಡಿಪೋದ ಗೋಡೆಯ ಬದಿಗೆ ಸರಿದು ಕಾಲು ಸಡಿಲಿಸಿಕೊಳ್ಳುತ್ತಿದ್ದರು. ಅಣ್ಣ ಒಂದು ಕುರ್ಚಿ ತಂದು, ಓಟದ ಕೊನೆಯ ಗೆರೆಯಲ್ಲಿ ಕೂರುವ ಹಾಗೆ ಕೂತ. ಕೊರಳಲ್ಲಿ ಸ್ಟಾಪ್‌ವಾಚ್.

ಉಪಕರಣ ಸರಳವಾದದ್ದು: ಎರಡು ಉಕ್ಕಿನ ಬಳೆಗಳು, ದೊಡ್ಡದರೊಳಗೆ ಚಿಕ್ಕದು. ಎರಡನ್ನೂ ನೆಲಕ್ಕೆ ಬಡಿದು ಕೂರಿಸಿ ನೀರು ತುಂಬಬೇಕು. ಹೊರಬಳೆಯ ನೀರು ಸುತ್ತಲಿನ ಮಣ್ಣನ್ನು ನೆನೆಸಿ, ಒಳಗಿನ ನೀರು ಪಕ್ಕಕ್ಕೆ ಹರಡದಂತೆ ಕಾವಲು ಕಾಯುತ್ತದೆ. ಒಳಬಳೆಯ ನೀರು ಹೀಗಾಗಿ ನೇರ ಕೆಳಕ್ಕೇ ಇಳಿಯಬೇಕು. ಅದರ ಮಟ್ಟ ಎಷ್ಟು ಹೊತ್ತಿಗೆ ಎಷ್ಟು ಕುಸಿಯಿತು ಎಂಬುದೇ ಅಳತೆ.

ಬಳೆಗಳು ಕೂರಲೊಲ್ಲವು. ಪಿಕ್ಸೆಲ್ ಸುತ್ತಿಗೆ ಬೀಸಿದಾಗಲೆಲ್ಲ ಕಲ್ಲಿಗೆ ಬಡಿದಂತೆ ಸದ್ದಾಗುತ್ತಿತ್ತು. ಹೇಗೋ ನಾಲ್ಕು ಬೆರಳು ಇಳಿದವು. ನೀರು ತುಂಬಿದರು. ನೀರು ನಿಂತಿತು. ಸುಮ್ಮನೆ ನಿಂತಿತು. ಬಿಸಿಲು ಏರಿತು, ಅದರಲ್ಲೊಂದು ನೊಣ ಬಿದ್ದು ಈಜಾಡಿತು, ಮಟ್ಟ ಕೂದಲೆಳೆಯಷ್ಟು ಇಳಿಯಿತು. ಬೇರೆ ಎರಡು ಕಡೆಯೂ ಅದೇ ಕಥೆ.

"ನೋಡಿ, ಕೊಟ್ರೂ ಕುಡೀತಿಲ್ಲ," ಎಂದ ಅಣ್ಣ. ದನಿಯಲ್ಲಿ ಹಬ್ಬವಿತ್ತು. "ನಿಮ್ಮ ಉಪಗ್ರಹಕ್ಕೆ ಹೇಳಿ, ನನ್ನ ನೆಲಕ್ಕೆ ಬಾಯಾರಿಕೆ ಇಲ್ಲ ಅಂತ."

"ಸೂಕ್ತವಲ್ಲ ಅಂತ ಬರ್ಕೊಳ್ಳಲಾ ಮೇಡಂ?" ಪಿಕ್ಸೆಲ್ ಬಳೆ ಕಿತ್ತು ಒರೆಸುತ್ತಿದ್ದ. ಉತ್ತರಕ್ಕೆ ಕಾಯದೆ, ಕ್ಯಾನಿನ ತಳದಲ್ಲಿ ಉಳಿದಿದ್ದ ನೀರನ್ನು ಅಲ್ಲೇ ಪಕ್ಕದಲ್ಲಿ, ಎತ್ತರ ಜಿಗಿತದ ಕಂಬ ನೆಡುವ ಗುಂಡಿಗೆ ಸುರಿದು ಜೀಪಿನ ಕಡೆ ನಡೆದ.

ಗುಂಡಿ ಮೊಣಕೈ ಆಳದ್ದು. ನೀರು ಅದರಲ್ಲಿ ಒಮ್ಮೆ ಗಿರಕಿ ಹೊಡೆದು ಇಲ್ಲವಾಯಿತು. ಅವಳು ಬಗ್ಗಿ ನೋಡಿದಳು. ತಳದಲ್ಲಿ ಒದ್ದೆ ಮರಳು, ಅಷ್ಟೆ.

ನೆಟ್ಟಗಾಗಿ ಅಣ್ಣನ ಕಡೆ ತಿರುಗಿದಳು. ಅವನು ಸ್ಟಾಪ್‌ವಾಚಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

ಅವಳಿಗೆ ಆಗಲೇ ಅರ್ಥವಾಗಿತ್ತು. ನೆಲ ಕೆಟ್ಟದ್ದಲ್ಲ. ವರ್ಷಗಟ್ಟಲೆ ಕಾಲುಗಳು ಓಡಿ ಓಡಿ ಮೇಲಿನ ಮಣ್ಣನ್ನು ಹೆಂಚಿನಂತೆ ಗಟ್ಟಿ ಮಾಡಿದ್ದವು. ಅವರ ಬಳೆಗಳು ಆ ಹೆಂಚನ್ನು ದಾಟಿರಲೇ ಇಲ್ಲ. ಅಳೆದದ್ದು ಮುಚ್ಚಳವನ್ನು, ಪಾತ್ರೆಯನ್ನಲ್ಲ. ಆದರೆ ಪರೀಕ್ಷೆಯ ನಿಯಮ ಹೇಳುವುದು ಮೇಲ್ಮೈಯಲ್ಲಿ ಮೂರು ಕಡೆ ಅಳೆಯಿರಿ ಎಂದು ಮಾತ್ರ. ಅವರು ಮೂರು ಕಡೆ ಅಳೆದಿದ್ದರು. ವರದಿ ಬರೆದರೆ ಅದರ ಒಂದೊಂದು ಪದವೂ ನಿಜವಾಗಿರುತ್ತಿತ್ತು. ಒಟ್ಟು ವರದಿ ಮಾತ್ರ ಸುಳ್ಳಾಗಿರುತ್ತಿತ್ತು.

ಆ ಸಂಜೆ ಟ್ಯಾಂಕರು ಬಂದಾಗ ಅಣ್ಣ ಅಮ್ಮನಿಗೆ ಎದ್ದೇಳಲೂ ಬಿಡಲಿಲ್ಲ. ಬಿಂದಿಗೆಗಳನ್ನೆಲ್ಲ ತಾನೇ ಹೊತ್ತು ತಂದ. ಪಕ್ಕದ ಮನೆಯ ಅಜ್ಜಿಯದ್ದನ್ನೂ ತಂದುಕೊಟ್ಟ.

"ಏನು, ಇವತ್ತು ಸೂರ್ಯ ಎಲ್ಲಿ ಹುಟ್ಟಿದ?" ಎಂದಳು ಅಮ್ಮ. ಆಮೇಲೆ ಮಗಳ ಕಡೆ ತಿರುಗಿದಳು. "ನೀರು ಇಳೀಲಿಲ್ವಂತೆ?"

"ಮೇಲೆ ಇಳೀಲಿಲ್ಲ."

"ಮೇಲೆ ಅಂದ್ರೆ? ಅಡ್ಡ ಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಇಳೀತೋ ಇಲ್ವೋ?"

"ಇನ್ನೂ ಪೂರ್ತಿ ನೋಡಿಲ್ಲಮ್ಮ," ಎಂದು ಅವಳು ಒಳಗೆ ಹೋದಳು. ಬಾಗಿಲ ಬಳಿ ಬಿಂದಿಗೆ ಇಳಿಸುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ.

ಬೆಳಕು ಹರಿಯುವಾಗ ಅವಳು ಮೈದಾನಕ್ಕೆ ಹೋದಳು. ಅಣ್ಣ ಒಬ್ಬನೇ ಮೂಲೆಗೆರೆಗೆ ಸುಣ್ಣ ಹಾಕುತ್ತಿದ್ದ. ಅವಳು ಅವನ ಜೊತೆಗೇ ಸ್ವಲ್ಪ ದೂರ ನಡೆದಳು. ನಡೆದಷ್ಟೂ ಮಾತು ಕಷ್ಟವಾಗುತ್ತಿತ್ತು.

"ಅಣ್ಣ, ಇನ್ನೊಂದು ಸಲ ಅಳೀಬೇಕು."

ಅವನು ಡಬ್ಬಿ ಅಲುಗಿಸುತ್ತಲೇ ಇದ್ದ. "ಆ ಕಂಬದ ಗುಂಡಿ ತಾನೆ?"

"ನೀನೂ ನೋಡಿದ್ಯಾ?"

"ನನ್ನ ಮೈದಾನ. ಒಂದು ಗುಂಡುಪಿನ್ ಬಿದ್ರೂ ನೋಡ್ತೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಗೆರೆ ಮುಗಿಯುವವರೆಗೆ ಅವನು ಸುಣ್ಣ ಹಾಕುತ್ತ ಹೋದ. ಕೊನೆಯಲ್ಲಿ ಅವನು ಡಬ್ಬಿಯನ್ನು ನೆಲಕ್ಕಿಟ್ಟು ಅಂಗೈ ಒರೆಸಿಕೊಂಡ. "ನೀನು ಬಾಯಿ ಬಿಡದೆ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತಾನೇ ಅಂದ್ಕೊಂಡಿದ್ದೆ. ಆಮೇಲೆ ಅನ್ನಿಸ್ತು, ನೀನು ಬಾಯಿ ಬಿಡ್ಲಿಲ್ಲ ಅಂದ್ರೆ ನಾವಿಬ್ರೂ ಒಂದೇ ಬೋಗುಣಿಗೆ ಕೈ ತೊಳ್ಕೊಳ್ಳೋದು ಹೇಗೆ ಅಂತ." ಮೈದಾನದ ನಡುವಿನ ಕಡೆ ತಿರುಗಿದ. "ಹಾರೆ ನನ್ನ ಹತ್ರಾನೇ ಇದೆ. ತರ್ತೀನಿ."

ಪಿಕ್ಸೆಲ್ ಬಂದು ಬಳೆಗಳನ್ನು ಇಳಿಸುವಷ್ಟರಲ್ಲಿ ಅಣ್ಣ ಮೈದಾನದ ನಡುವೆ ಒಂದು ಚೌಕದಷ್ಟು ನೆಲವನ್ನು ಎಬ್ಬಿಸಿದ್ದ. ಗಟ್ಟಿ ಪದರ ಒಂದು ಗೇಣು ದಪ್ಪ ಇತ್ತು. ಅದರ ಕೆಳಗೆ, ಎಂದೋ ಹರಿದು ದಾರಿ ಬದಲಿಸಿದ ಯಾವುದೋ ಹೊಳೆಯ ಸಡಿಲ ಮರಳು. ಮುಷ್ಟಿಯಲ್ಲಿ ಹಿಡಿದರೆ ಸೋರಿಹೋಗುವಂಥದ್ದು. ಅವಳು ಒಂದು ಹೆಂಟೆಯನ್ನು ಚಾಕುವಿನಿಂದ ಸೀಳಿ ತೋರಿಸಿದಳು. ಪುಸ್ತಕದ ಹಾಳೆಗಳಂತೆ ತೆಳುವಾದ ಪದರಗಳು ಒಂದರ ಮೇಲೊಂದು ಒತ್ತಿ ಕೂತಿದ್ದವು.

"ಇದು ಮಣ್ಣಿನ ಗುಣ ಅಲ್ಲ ಅಣ್ಣ. ಕಾಲು ಮಾಡಿದ್ದು."

"ಅಂದ್ರೆ ನಾವು ಮಾಡಿದ್ದು." ಅವನು ಹೆಂಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಎಸೆಯಲಿಲ್ಲ.

ಬಳೆಗಳು ಈಗ ಸಲೀಸಾಗಿ ಕೂತವು. ಅವಳು ಗಡಿಯಾರ ತೆಗೆಯಲು ಚೀಲಕ್ಕೆ ಕೈಹಾಕಿದಾಗ ಅಣ್ಣ ಅಡ್ಡ ಬಂದ.

"ಬಿಡು. ಈ ನೆಲದಲ್ಲಿ ಹೊತ್ತು ನೋಡೋದು ನಾನು."

ನೀರು ಹುಯ್ದರು. ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ನೀರು ಕಣ್ಣೆದುರೇ ಜಾರಿತು. ಪಿಕ್ಸೆಲ್ ಮತ್ತೆ ತುಂಬಿದ, ಮತ್ತೆ ಜಾರಿತು. "ಮೊದಮೊದಲ ಹಸಿವು ಲೆಕ್ಕಕ್ಕಿಲ್ಲ," ಎಂದಳು ಅವಳು. "ಒಣ ಮರಳು ಮೊದಲು ತನಗೆ ಕುಡಿಯುತ್ತೆ. ಅದು ನೆನೆದು ತೃಪ್ತಿಯಾದ ಮೇಲೂ ಎಷ್ಟು ಇಳಿಯುತ್ತೋ ಅದೇ ನಿಜವಾದ್ದು." ಹುಯ್ಯುತ್ತ ಹೋದರು. ಅಣ್ಣ ಪ್ರತಿ ಸಲವೂ ಸ್ಟಾಪ್‌ವಾಚ್ ಒತ್ತಿ, ಓಟದ ಫಲಿತಾಂಶ ಹೇಳುವ ಅದೇ ಚಪ್ಪಟೆ ದನಿಯಲ್ಲಿ ಸೆಕೆಂಡುಗಳನ್ನು ಕೂಗಿ ಹೇಳಿದ. ವೇಗ ಮೆಲ್ಲಗೆ ತಗ್ಗಿತು. ಕೊನೆಗೆ ಮೂರು ಸಲ ಒಂದೇ ಬಂತು. ನಾಲ್ಕನೆಯ ಸಲ ಸ್ವಲ್ಪ ನಿಧಾನ.

ಪಿಕ್ಸೆಲ್ ಬರೆದುಕೊಳ್ಳಲು ಹೋದ.

"ಅದನ್ನ ಬರೀಬೇಡ," ಎಂದ ಅಣ್ಣ. "ತಪ್ಪು. ನಾನು ತಡವಾಗಿ ಒತ್ತಿದೆ. ಇನ್ನೊಂದು ಸಲ ಹಾಕು."

ಹಾಕಿದರು. ಮೊದಲಿನ ಮೂರರಷ್ಟೇ ಬಂತು. ಅವನು ಕೂಗಿ ಹೇಳಿ, ಸ್ಟಾಪ್‌ವಾಚನ್ನು ಸೊನ್ನೆಗೆ ತಂದು, ಅಂಗಿಯೊಳಗೆ ಹಾಕಿಕೊಂಡ.

ಅವಳು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡು ಲೆಕ್ಕಕ್ಕೆ ಕೂತಳು. ಡಿಪೋದ ಮಾಳಿಗೆ, ಅದರ ಸುತ್ತಲಿನ ಬೀದಿಗಳು, ಒಂದು ಜೋರು ಮಳೆಗೆ ಅಲ್ಲಿಂದ ಬರುವ ನೀರು, ಅದು ಆರುವ ಮೊದಲು ಇಂಗಲು ಬೇಕಾದ ಜಾಗ. ಎರಡು ಸಲ ಮಾಡಿದಳು. ಆಮೇಲೆ ಅಣ್ಣನನ್ನು ಕರೆದಳು.

"ಇಡೀ ಮೈದಾನ ಬೇಡ. ಮರಳು ಹೀಗಿರುತ್ತೆ ಅಂತ ಗೊತ್ತಿಲ್ಲದೆ, ನಿಧಾನವಾಗಿ ಇಳಿಯೋ ಮಣ್ಣು ಅಂದ್ಕೊಂಡು ಅಷ್ಟು ಜಾಗ ಹಿಡಿದಿದ್ವಿ. ಇಷ್ಟು ಬೇಗ ಇಳಿಯೋದಾದ್ರೆ ನಡುವೆ ಒಂದು ಮೊಟ್ಟೆಯಾಕಾರದ ಕೊಳ ಸಾಕು. ಸುತ್ತ ಜಾಗ ಉಳಿಯುತ್ತೆ."

"ನಡುವೇನೇ ಯಾಕೆ? ಮೂಲೆಗೆ ತಳ್ಳು."

"ಡಿಪೋ ಕಡೆ ತಳ್ಳಿದ್ರೆ ಡೀಸೆಲ್ಲು ಎಣ್ಣೆ ಇಳಿಯುತ್ತೆ. ಈ ಕಡೆ ಮನೆಗಳ ಅಡಿಪಾಯ ಇದೆ."

"ಸರಿ, ನೀರು ಇರೋದು ಹತ್ತು ಹದಿನೈದು ದಿನ. ಮಿಕ್ಕ ದಿನ ಕೊಳ ಒಣಗಿರುತ್ತಲ್ಲ, ಆಗ ಅದರೊಳಗೇ ಓಡಿಸ್ತೀನಿ. ಒಂಚೂರು ಇಳಿದು ಹತ್ತಿದ್ರೆ ಕಾಲಿಗೂ ಒಳ್ಳೇದು."

ಅವಳು ಅವನ ಕೈಯನ್ನು ನೋಡಿದಳು. ಆ ಹೆಂಟೆ ಇನ್ನೂ ಅಲ್ಲೇ ಇತ್ತು. ಅವನೂ ನೋಡಿಕೊಂಡ.

"ಹೌದಲ್ಲ," ಎಂದ. "ಮತ್ತೆ ಮುಚ್ಚಳ ಹಾಕಿಬಿಡ್ತೀವಿ." ಸುಣ್ಣದ ಗೆರೆಯ ಕಡೆ ತಿರುಗಿ, "ಹಾಗಾದ್ರೆ ಮೂಲೆಗೆರೆ ಹೋಯ್ತು," ಎಂದ.

"ಹೋಯ್ತು, ಅಣ್ಣ."

ಅವಳಿಗೆ ಬೇರೇನಾದರೂ ಸೇರಿಸಬೇಕೆನ್ನಿಸಿತು. ಸುತ್ತ ಓಡುವ ದಾರಿ ಉಳಿಯುತ್ತದೆ, ತೋಡಿದ ಗಟ್ಟಿ ಮಣ್ಣನ್ನೇ ಅದಕ್ಕೆ ಹಾಕಿಸುತ್ತೇನೆ ಎಂದೆಲ್ಲ. ಅದು ನಿಜವೇ ಆಗಿದ್ದರೂ ಆ ಗಳಿಗೆಯಲ್ಲಿ ಸಮಾಧಾನದ ಮಾತಾಗುತ್ತಿತ್ತು. ನೂರು ಮೀಟರ್ ಓಟಗಾರ್ತಿಗೆ ತಿರುವು ಎಂಬುದೇ ಇಲ್ಲ. ಅಣ್ಣ ಇಷ್ಟು ವರ್ಷ ಕಲಿಸಿದ್ದೆಲ್ಲ ನೆಟ್ಟಗೆ ಓಡುವುದನ್ನು. ಅವಳು ಲೆಕ್ಕದ ಕಾಗದ ಮಡಿಸಿಕೊಂಡಳು.

ಹಿರಿಯ ಎಂಜಿನಿಯರರು ವರದಿಯನ್ನು ಎರಡು ಸಲ ಓದಿ, "ಮೇಲೆ ಇಳಿಯಲ್ಲ, ಕೆಳಗೆ ಇಳಿಯುತ್ತೆ. ಇಂಥದ್ದನ್ನ ಮೊದಲ ಸಲ ನೋಡ್ತಿದ್ದೀನಿ," ಎಂದು ಸಹಿ ಹಾಕಿದರು. ಪಿಕ್ಸೆಲ್ ತನ್ನ ಪಟ್ಟಿಯಲ್ಲಿ ಬರಡು ಎಂಬುದರ ಕೆಳಗೆ ಹೊಸದೊಂದು ಸಾಲು ಸೇರಿಸಿದ: ಓಡುವ ನೆಲ. "ಇದಕ್ಕೆ ಎಷ್ಟು ಅಂಕ ಕೊಡ್ಲಿ ಮೇಡಂ?"

"ಪ್ರತಿ ಸಲ ಹೋಗಿ ನೋಡಿ ಕೊಡು."

ಯಂತ್ರ ಬರುವ ಹಿಂದಿನ ದಿನ ಬೆಳಿಗ್ಗೆ, ಕೊಳದ ಅಂಚನ್ನು ಗುರುತಿಸಲು ಅವಳು ಟೇಪು ಮತ್ತು ಗೂಟಗಳನ್ನು ತೆಗೆದುಕೊಂಡು ಹೋದಳು. ಹುಡುಗಿಯರು ಮೂಲೆಗೆರೆಯಲ್ಲಿ ಒಬ್ಬೊಬ್ಬರಾಗಿ ಓಡುತ್ತಿದ್ದರು. ಅಣ್ಣ ಕೊನೆಯಲ್ಲಿ ನಿಂತು ಹೊತ್ತು ಕೂಗುತ್ತಿದ್ದ. ಕೊನೆಯವಳೂ ಓಡಿ ಮುಗಿಸಿದ ಮೇಲೆ ಅವನು ಸುಣ್ಣದ ಡಬ್ಬಿ ಎತ್ತಿಕೊಂಡ.

ಗೂಟದಿಂದ ಗೂಟಕ್ಕೆ ಅವಳು ಟೇಪು ಹಿಡಿದಳು. ಅವನು ಹಿಮ್ಮುಖವಾಗಿ ನಡೆಯುತ್ತ ಗೆರೆ ಎಳೆದ. ಬಿಳಿ ಅಂಚು ಬಾಗುತ್ತ ಹೋಗಿ ಮೂಲೆಗೆರೆಯನ್ನು ಒಂದು ಕಡೆ ಕತ್ತರಿಸಿತು, ಸುತ್ತಿ ಬಂದು ಇನ್ನೊಂದು ಕಡೆ ಕತ್ತರಿಸಿತು. ಎರಡೂ ಕಡೆ ಅವನು ನಿಲ್ಲಲಿಲ್ಲ. ಗೂಟಗಳು ಹೇಳಿಕೊಟ್ಟಿದ್ದಕ್ಕಿಂತ ಅಂಚು ನಯವಾಗಿ ಬಂದಿತ್ತು.

ಗೆರೆ ಸೇರಿದಾಗ ಅವಳು ಆಚೆ ಬದಿಯಲ್ಲಿದ್ದಳು. ಟೇಪು ಸುತ್ತಿಕೊಂಡು, ಅಡ್ಡ ಹಾದು ಅವನ ಬಳಿ ಬರಲು ಒಂದು ಹೆಜ್ಜೆ ಒಳಗಿಟ್ಟಳು.

"ಅಲ್ಲೇ ನಿಲ್ಲು," ಎಂದ ಅವನು. "ಅದು ನೀರಿಂದು. ಸುತ್ತಿ ಬಾ."

ಅವಳು ಕಾಲು ಹಿಂದಕ್ಕೆ ತೆಗೆದುಕೊಂಡು ಅಂಚಿನ ಹೊರಗೇ ನಡೆದಳು. ಹುಡುಗಿಯರು ನೋಡುತ್ತಿದ್ದರು. ಬೇಗ ಮುಗಿಸೋಣವೆಂದು ಸ್ವಲ್ಪ ಓಡಿದಳು. ತಿರುವು ಬಂದಾಗ ಹೊರಕ್ಕೆ ಜಾರಿದಂತಾಗಿ ಹೆಜ್ಜೆ ತಪ್ಪಿತು. ಅಣ್ಣ ಆ ಕಡೆಯಿಂದ, ತನಗೂ ಹೊಸದಾದ ಒಂದು ಪಾಠವನ್ನು ಮೊದಲ ಸಲ ಹೇಳಿ ನೋಡುವವನಂತೆ, ನಿಧಾನವಾಗಿ ಕೂಗಿದ:

"ಒಳಕ್ಕೆ ಬಾಗು, ಪುಟ್ಟಿ. ತಿರುವಲ್ಲಿ ಮೈನ ಒಳಕ್ಕೆ ಬಾಗಿಸ್ಬೇಕು."